ಸಿರುಗುಪ್ಪದ ನಲವತ್ತೊಂದು ಹೆಬ್ಬೆಟ್ಟುಗಳು

ಬಳ್ಳಾರಿ
೧೨ ಮಾರ್ಚ್ ೧೯೮೯

ಚಿ. ಮರಿಬಸಪ್ಪನಿಗೆ,

‘ಹೆಸರು ಹಿಡಿದು ಕರೆದರೆ ಕಲ್ಲೂ ತಿರುಗಿ ನೋಡುತ್ತದೆ.’ ಇದರ ಮುಂದಿನ ಸಾಲು ಏನಿತ್ತು? ಕಾಲೇಜಿನ ಕೈಬರಹದ ಪತ್ರಿಕೆಗೆ ನೀನು ಬರೆದ ಪದ್ಯ ಅದು. ಎಷ್ಟು ಹುಡುಕಿದರೂ ಉಳಿದ ಅರ್ಧ ನೆನಪಾಗುತ್ತಿಲ್ಲ. ನೆನಪಾದ ಅರ್ಧವಾದರೂ ನಿಜವೇ ಎಂದು ಮೂರು ದಿನದಿಂದ ಅನುಮಾನ ಹುಟ್ಟಿದೆ. ನಾನು ನಲವತ್ತೊಂದು ಹೆಂಗಸರನ್ನು ಹೆಸರು ಹಿಡಿದು ಕರೆದೆ. ಅವರು ತಿರುಗಿ ನೋಡಲಿಲ್ಲ, ಎದ್ದೇ ಬಂದರು. ಅವರಲ್ಲಿ ಒಬ್ಬಳನ್ನು ಗುರುವಾರ ನಿಮ್ಮ ಆರೋಗ್ಯ ಇಲಾಖೆಯ ಜೀಪು ಒಯ್ದಿದೆ.

ನಿನ್ನ ಮೇಜಿನ ಮೇಲೆ ನೂರು ಊರುಗಳ ಕಡತಗಳಿರುತ್ತವೆ, ಅದಕ್ಕೆ ನೆನಪು ಮಾಡಿಕೊಡುತ್ತೇನೆ. ಸಿರುಗುಪ್ಪದ ಸುಂಕಮ್ಮ. ಗಂಡುಮಗನಿಲ್ಲದ ಅಪ್ಪ ಅವಳನ್ನು ಹತ್ತನೇ ವಯಸ್ಸಿಗೆ ಬಸವಿ ಬಿಟ್ಟ. ಬಸವಿ ಎಂದರೇನೆಂದು ಕುರುಗೋಡಿನಲ್ಲಿ ಬೆಳೆದ ನಿನಗೆ ಗೊತ್ತು, ನಿಮ್ಮ ಕಚೇರಿಗೆ ಗೊತ್ತಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಮೇಲೆ ಅವಳಿಗೆ ಮದುವೆಯಿಲ್ಲ, ತವರು ಬಿಡುವಂತಿಲ್ಲ, ಅಪ್ಪನ ಹೊಲಮನೆಗೆ ಅವಳೇ ಗಂಡುಮಗ. ಸರ್ಕಾರ ಈ ಪದ್ಧತಿಯನ್ನು ನಿಷೇಧಿಸಿದ ಮೇಲೆ ಇಂಥವರಿಗೆ ಮನೆ ನಿವೇಶನ ಕೊಡಿಸಲೆಂದು ನಮ್ಮ ಸಂಘ ಓಣಿ ಓಣಿ ಅಲೆದು ಪಟ್ಟಿ ಮಾಡಿತು. ಹೆಸರು, ವಯಸ್ಸು, ಬಸವಿ ಬಿಟ್ಟ ವರ್ಷ, ಮಕ್ಕಳು, ಕೊನೆಗೆ ಹೆಬ್ಬೆಟ್ಟು. ಹೋದ ದೀಪಾವಳಿಗೆ ಬಂದಾಗ ನೀನು ಅದರ ಜೆರಾಕ್ಸ್ ಪ್ರತಿ ಕೇಳಿದೆ. ತಮ್ಮನಲ್ಲವೇ, ಕೊಟ್ಟೆ. ಹದಿನೈದೇ ದಿನಕ್ಕೆ ನಿಮ್ಮ ತಂಡ ಸಿರುಗುಪ್ಪದ ಶಾಲೆಯಲ್ಲಿ ಶಿಬಿರ ಹೂಡಿ ಆ ನಲವತ್ತೊಂದು ಮಂದಿಯ ರಕ್ತ ತೆಗೆದುಕೊಂಡು ಹೋಯಿತು. ಅದು ಏಡ್ಸ್ ಪರೀಕ್ಷೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸುಂಕಮ್ಮನ ಪಕ್ಕದ ಮನೆಯ ದುರುಗಮ್ಮ ಮೊದಲ ಬಸ್ಸು ಹಿಡಿದು ನನ್ನಲ್ಲಿಗೆ ಓಡಿ ಬಂದಳು. ಅವಳೂ ಪಟ್ಟಿಯಲ್ಲಿದ್ದವಳೇ. “ಅಕ್ಕಾರ, ಜೀಪಿನಾಗ ಕುಂದರಿಸಿಕೊಂಡು ಹೋಗ್ಯಾರ್ರಿ. ‘ಸೈಟಿನ ಕಾಗದ ಕೊಡ್ತೀರೇನ್ರಿ’ ಅಂತ ಕೇಳಿಕೋತ ಹತ್ತಿದ್ಳು, ಹುಚ್ಚಿ. ಹೊಸ ಸೀರಿ ಉಟ್ಕೊಂಡಿದ್ಳು” ಎಂದಳು.

ಸುಂಕಮ್ಮ ಎಲ್ಲಿದ್ದಾಳೆ? ಇಷ್ಟಕ್ಕೆ ಉತ್ತರ ಬರೆ.

ನಿನ್ನ ಅಕ್ಕ,
ಅಕ್ಕನಾಗಮ್ಮ


ಬೆಂಗಳೂರು
೨೧ ಮಾರ್ಚ್ ೧೯೮೯

ಅಕ್ಕನಿಗೆ ನಮಸ್ಕಾರ.

ಪದ್ಯ ನೆನಪಿಲ್ಲ. ಬರೆದದ್ದೂ ನೆನಪಿಲ್ಲ.

ಸುಂಕಮ್ಮ ಬಳ್ಳಾರಿಯಲ್ಲೇ, ಊರಾಚೆಯ ಹೆಂಗಸರ ಆಶ್ರಯಧಾಮದಲ್ಲಿದ್ದಾಳೆ. ನಲವತ್ತೊಂದರಲ್ಲಿ ಅವಳೊಬ್ಬಳ ರಕ್ತದಲ್ಲಿ ಸೋಂಕು ಕಂಡಿದೆ. ಎರಡು ಸಲ ಪರೀಕ್ಷೆಯಾಗಿದೆ. ಊಟ, ಹಾಸಿಗೆ ಇದೆ, ವೈದ್ಯರೂ ಇದ್ದಾರೆ. ಕಾಗದದ ಪ್ರಕಾರ ಅವಳು ಸ್ವಇಚ್ಛೆಯಿಂದ ಅಲ್ಲಿದ್ದಾಳೆ. ಶಿಬಿರಕ್ಕೂ ಎಲ್ಲರೂ ಸ್ವಇಚ್ಛೆಯಿಂದಲೇ ಬಂದಿದ್ದರು. ಯಾರನ್ನೂ ಎಳೆದು ತರಲಿಲ್ಲ.

ಅಕ್ಕಾ, ಈ ರೋಗಕ್ಕೆ ಔಷಧವಿಲ್ಲ. ಮದ್ರಾಸಿನಲ್ಲಿ ಕಾಣಿಸಿಕೊಂಡು ಇನ್ನೂ ಮೂರು ವರ್ಷ. ವಾರ್ಡಿನಲ್ಲಿ ಇಂಥ ಒಬ್ಬ ರೋಗಿಯ ಹತ್ತಿರ ಹೋಗಲು ದಾದಿಯರೇ ಒಪ್ಪದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀರು ಕುಡಿಸಿದವನು ನಾನು. ನೀನು ಒಬ್ಬ ಸುಂಕಮ್ಮನನ್ನು ನೋಡುತ್ತೀ. ನಾನು ಅವಳಿಂದ ಆಚೆಗೆ ಯಾರು ಯಾರು ಎಂದೂ ನೋಡಬೇಕು.

ದೆಹಲಿಯಲ್ಲಿ ಕಾನೂನಿನ ಕರಡು ಸಿದ್ಧವಾಗುತ್ತಿದೆ. ಅನುಮಾನ ಬಂದವರ ರಕ್ತ ಪರೀಕ್ಷಿಸುವ, ಸೋಂಕು ಇದ್ದವರನ್ನು ಬೇರೆ ಇಡುವ ಅಧಿಕಾರ ಅದರಲ್ಲಿ ಇರುತ್ತದೆ. ಅದಕ್ಕೆ ನಮ್ಮ ಕಡೆಯಿಂದ ಹೋಗುವ ವರದಿ ಬರೆಯುತ್ತಿರುವವನು ನಾನು. ಇಂಥ ಹೊತ್ತಿನಲ್ಲಿ ನನ್ನ ಒಡಹುಟ್ಟಿದವಳೇ ಸಂಘ ಕಟ್ಟಿಕೊಂಡು ಗದ್ದಲ ಎಬ್ಬಿಸುವುದು ಬೇಡ. ಆಶ್ರಯಧಾಮಕ್ಕೂ ಹೋಗಬೇಡ.

ಕುರುಗೋಡಿನ ಮನೆಯ ಮಾಳಿಗೆ ಸೋರುತ್ತಿದೆ ಎಂದು ಕೊಟ್ಟೂರಪ್ಪ ಕಾಕಾ ಬರೆದಿದ್ದರು. ನೋಡಿಸು.

ಮರಿಬಸಪ್ಪ


ಬಳ್ಳಾರಿ
೨ ಏಪ್ರಿಲ್ ೧೯೮೯

ಮರಿಬಸಪ್ಪ,

ಹೋಗಬೇಡ ಎಂದೆ ನೀನು, ಹೋದೆ ನಾನು. ಮಾಳಿಗೆ ಸೋರಲಿ.

ಮೇಲ್ವಿಚಾರಕಿ ಸಾವಂತ್ರಮ್ಮ ಬಾಗಿಲಲ್ಲೇ ನಿಲ್ಲಿಸಿದಳು. “ಡಾಕ್ಟರ ಅಕ್ಕ ಅಂತೀರಿ, ಡಾಕ್ಟರ ಚೀಟಿ ತರ್ರಿ” ಎಂದಳು.

“ಆಕಿ ಖೈದಿ ಏನು?”

“ಖೈದಿ ಅಲ್ರಿ. ಆದ್ರ ಹೊರಗ ಬಿಡಂಗಿಲ್ಲ.”

ಇದಕ್ಕಿಂತ ಸ್ಪಷ್ಟವಾಗಿ ನಿನ್ನ ಕರಡನ್ನು ದೆಹಲಿಯವರೂ ವಿವರಿಸಲಾರರು.

ಹತ್ತು ನಿಮಿಷ ಎಂದು ಬಿಟ್ಟಳು. ಸುಂಕಮ್ಮನನ್ನು ಹಿತ್ತಿಲ ಕಡೆಯ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟಿದ್ದಾರೆ. ಅವಳ ತಾಟಿಗೂ ಚೆರಿಗೆಗೂ ಕೆಂಪು ಬಣ್ಣ ಹಚ್ಚಿದ್ದಾರೆ. ಉಳಿದವರ ಪಾತ್ರೆಯ ಜೊತೆ ಬೆರೆಯದಿರಲಿ ಎಂದು. ನೀನು ಹೇಳಿದ ವೈದ್ಯರು ಬಂದು ಹದಿನಾರು ದಿನವಾಯಿತಂತೆ.

ಅವಳೇ ಮಾತು ಶುರು ಮಾಡಿದಳು. “ನನಗ ರೋಗ ಐತಂತ್ರಿ ಅಕ್ಕಾರ. ಎಲ್ಲೈತಿ ತೋರಿಸ್ರಿ ಅಂದ್ರ ಕಾಗದ ತೋರಿಸ್ತಾರ.”

“ಕಾಗದದಾಗ ಏನೈತಿ?”

“ಇಂಗ್ಲೀಷ್ ಐತಿ.” ಅಷ್ಟು ಹೇಳಿ ನಕ್ಕಳು. ಆಮೇಲೆ, “ಭತ್ತ ತೆನಿ ಹಿಡದೈತಿ. ಹಕ್ಕಿ ಕಾಯೋರು ಯಾರೂ ಇಲ್ಲ. ಮಗಳಿಗೆ ಓಣ್ಯಾಗ ನೀರು ತುಂಬಾಕ ಬಿಡವಲ್ರಂತ. ಎಂದ ಬಿಡ್ತಾರ್ರಿ ನನ್ನ?” ಎಂದಳು.

ಎಂದು ಬಿಡುತ್ತೀರಿ, ಮರಿಬಸಪ್ಪ? ಔಷಧವಿಲ್ಲ ಎಂದು ನೀನೇ ಬರೆದಿದ್ದೀ. ವಾಸಿಯಾದ ಮೇಲೆ ಬಿಡುತ್ತೇವೆ ಎನ್ನುವ ಹಾಗಿಲ್ಲ. ಹಾಗಾದರೆ ಲೆಕ್ಕ ಎಲ್ಲಿಗೆ ಮುಗಿಯುತ್ತದೆ? ಅವಳಿಗೆ ಮೂವತ್ತಾರು ವರ್ಷ.

ಕೌಲ್ ಬಜಾರಿನಲ್ಲಿ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ವಕೀಲ ಜಂಬಣ್ಣ ಇದ್ದಾನೆ, ನನ್ನ ಹಳೆಯ ವಿದ್ಯಾರ್ಥಿ. ಅರ್ಜಿ ಬರೆಯುತ್ತಿದ್ದೇವೆ. ಒಂದು ಪ್ರತಿ ಜಿಲ್ಲಾ ಕಚೇರಿಗೆ, ಒಂದು ದೆಹಲಿಯಲ್ಲಿ ಕರಡು ಬರೆಯುವವರಿಗೆ. ಮದ್ರಾಸಿನಲ್ಲೂ ದೆಹಲಿಯಲ್ಲೂ ಇದೇ ಜಗಳ ಆಡುತ್ತಿರುವ ವೈದ್ಯರು, ವಕೀಲರು, ಹೆಂಗಸರ ಸಂಘಗಳು ಇವೆ. ಅವರ ವಿಳಾಸ ಸಿಕ್ಕಿದೆ. ಕೂಡಿಹಾಕಿದರೆ ಜನ ರೋಗವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಅದು ಹರಡುತ್ತದೆ ಎನ್ನುತ್ತಾರೆ ಅವರು. ನಿಮ್ಮ ತಂಡ ಹೋದ ವಾರ ಕುರುಗೋಡಿಗೆ ಹೋದಾಗ ಶಿಬಿರಕ್ಕೆ ಎಷ್ಟು ಜನ ಬಂದರು? ಒಬ್ಬರೂ ಇಲ್ಲ. ಓಣಿಗೆ ಓಣಿಯೇ ಬೀಗ ಹಾಕಿತ್ತು. ಇದನ್ನೂ ವರದಿಯಲ್ಲಿ ಬರೆದುಕೋ.

ಅಕ್ಕನಾಗಮ್ಮ


ಬೆಂಗಳೂರು
೫ ಮೇ ೧೯೮೯

ಅಕ್ಕಾ,

ನಿನ್ನ ಅರ್ಜಿ ಸುತ್ತಿ ಬಳಸಿ ನನ್ನ ಮೇಜಿಗೇ ಬಂತು. ಮೇಲಧಿಕಾರಿ ಅದನ್ನು ನನ್ನ ಮುಂದೆ ಒಗೆದು, “ಏನಯ್ಯಾ, ನಿಮ್ಮ ಮನೆ ಜಗಳ ದೆಹಲಿವರೆಗೂ ಹೋಯಿತಲ್ಲ” ಎಂದರು. ಇಡೀ ಕಚೇರಿ ಕೇಳಿಸಿಕೊಂಡಿತು. ನಿನಗೆ ಸಂತೋಷವಾಗಲಿ.

ನಿನ್ನ ಬರವಣಿಗೆ ಯಾವತ್ತೂ ಚೆಂದ. ಎರಡು ಕಡೆ ಮಾತ್ರ ಕಲ್ಲು ಸಿಕ್ಕಿತು.

ಒಂದು. ‘ಸುಂಕಮ್ಮ ಅಂಥವಳಲ್ಲ, ಹೊಲ ಮಾಡಿಕೊಂಡು ಮರ್ಯಾದೆಯಿಂದ ಬದುಕಿದವಳು’ ಎಂದು ಬರೆದಿದ್ದೀ. ಅಂಥವಳಾಗಿದ್ದರೆ ಕೂಡಿಹಾಕಬಹುದಿತ್ತೋ? ಪಟ್ಟಿಯಲ್ಲಿ ಅಂಥವರೂ ಇದ್ದಾರೆ, ನಿನಗೆ ಗೊತ್ತು. ಅವರ ಪರವಾಗಿ ಯಾವ ಸಂಘದವರು ಅರ್ಜಿ ಬರೆಯಬೇಕು? ನನ್ನನ್ನು ಕಟುಕ ಎಂದುಕೊಂಡಿದ್ದೀ. ಕೆಂಪು ಬಣ್ಣ ನಿನ್ನ ಹತ್ತಿರವೂ ಇದೆ.

ಎರಡು. ‘ಸುಳ್ಳು ಹೇಳಿ ರಕ್ತ ತೆಗೆಯಲಾಯಿತು’ ಎಂದಿದ್ದೀ. ಒಳ್ಳೆಯದು. ಆ ಸುಳ್ಳು ಹೇಳಿದವರ ಹೆಸರನ್ನು ಯಾಕೆ ಬರೆದಿಲ್ಲ? ನಲವತ್ತೊಂದು ಹೆಸರು ಬರೆದ ಕೈಗೆ ಇನ್ನೊಂದು ಭಾರವಾಯಿತೇ?

ಮರಿಬಸಪ್ಪ


ಬಳ್ಳಾರಿ
೧೪ ಮೇ ೧೯೮೯

ಮರಿಬಸಪ್ಪ,

ಮೊದಲನೆಯ ಮಾತು ಒಪ್ಪಿದೆ. ನೀನು ಹೇಳಿದ್ದು ಸರಿ, ಹೇಳಿದ ರೀತಿಗೆ ನಿನ್ನನ್ನು ಕ್ಷಮಿಸಲಾರೆ. ಆ ಸಾಲನ್ನು ಹೊಡೆದು ಹಾಕಿ ಅರ್ಜಿಯನ್ನು ತಿರುಗಿ ಕಳಿಸಿದ್ದೇನೆ. ಯಾರೇ ಆಗಲಿ, ಹೇಗೇ ಬದುಕಿರಲಿ, ಕೂಡಿಹಾಕುವಂತಿಲ್ಲ ಎಂದಷ್ಟೇ ಈಗ ಅದರಲ್ಲಿದೆ. ನಮ್ಮ ಸಂಘದ ಇಬ್ಬರು ಅದಕ್ಕೆ ಸಹಿ ಹಾಕಲು ಒಪ್ಪದೆ ಎದ್ದು ಹೋದರು.

ಈಗ ನನ್ನ ಸರದಿ. ಜಂಬಣ್ಣ ಆಶ್ರಯಧಾಮದ ಕಡತದ ಪ್ರತಿ ತೆಗೆಸಿದ. ‘ರಕ್ತ ಪರೀಕ್ಷೆಗೂ ಬೇರೆಯಾಗಿ ಇರುವುದಕ್ಕೂ ಫಲಾನುಭವಿಗಳ ಒಪ್ಪಿಗೆ’ ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿ ಲಗತ್ತಾಗಿದೆ. ನನ್ನ ಕೈಬರಹದ ಪಟ್ಟಿ. ನಾನೇ ಮಸಿಯ ಡಬ್ಬಿ ಹಿಡಿದು, ಒಬ್ಬೊಬ್ಬರ ಬೆರಳು ಒತ್ತಿಸಿ, ನನ್ನ ಸೆರಗಿನಿಂದ ಒರೆಸಿದ ನಲವತ್ತೊಂದು ಹೆಬ್ಬೆಟ್ಟು. ಮೇಲಿದ್ದ ‘ಮನೆ ನಿವೇಶನಕ್ಕಾಗಿ’ ಎಂಬ ಸಾಲನ್ನು ಮುಚ್ಚುವಂತೆ ಟೈಪು ಮಾಡಿದ ಚೀಟಿ ಅಂಟಿಸಿದ್ದೀರಿ. ಅವರು ಬೆರಳು ಕೊಟ್ಟದ್ದು ಸೂರಿಗೆ. ನೀವು ಅದನ್ನು ಸೂಜಿಗೆ ಬಳಸಿದ್ದೀರಿ, ಬೀಗಕ್ಕೆ ಬಳಸಿದ್ದೀರಿ.

ಅಂಟಿಸಿದವರು ಯಾರು? ಹೆಸರು ಬರೆ ಎನ್ನುವವನು ನೀನಲ್ಲವೇ?

ಅಕ್ಕನಾಗಮ್ಮ


ಬೆಂಗಳೂರು
೨೯ ಮೇ ೧೯೮೯

ಅಕ್ಕಾ,

ಚೀಟಿ ಕಚೇರಿಯಲ್ಲಿ ಯಾರೋ ಗುಮಾಸ್ತರು ಅಂಟಿಸಿರಬೇಕು. ನನ್ನ ಗಮನಕ್ಕೆ ಬಂದಿಲ್ಲ.

ನಿನ್ನ ಎರಡನೆಯ ಉತ್ತರ ಇನ್ನೂ ಬಂದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಶಿಬಿರದ ದಿನ ಬೆಳಿಗ್ಗೆ ಒಬ್ಬಳೂ ಬಂದಿರಲಿಲ್ಲ. ನಾನು ನಿನಗೆ, “ಹೆಂಗಾರ ಮಾಡಿ ಕರ್ಕೊಂಡು ಬಾ, ಏನಾರ ಹೇಳು” ಎಂದೆ. ಏನು ಹೇಳಬೇಕೆಂದು ನಾನು ಹೇಳಿಕೊಡಲಿಲ್ಲ. ನೀನು ಓಣಿಗೆ ಹೋಗಿ, “ರಕ್ತ ಕಡಿಮಿ ಐತೇನು ಅಂತ ನೋಡ್ತಾರ, ಕಡಿಮಿ ಇದ್ದವರಿಗೆ ಪುಕ್ಕಟೆ ಟಾನಿಕ್ ಕೊಡ್ತಾರ” ಎಂದೆ. ಅರ್ಧ ಗಂಟೆಯಲ್ಲಿ ನಲವತ್ತೊಂದೂ ಮಂದಿ ಬಂದು ಸಾಲು ನಿಂತರು. ಯಾವ ಪರೀಕ್ಷೆಯೆಂದು ನಿನಗೆ ಗೊತ್ತಿತ್ತು. ಹಿಂದಿನ ಸಂಜೆ ನಾನೇ ಹೇಳಿದ್ದೆ.

ಈಗ ಕೇಳು. ಎದುರಾಡದೆ, ಸ್ವಇಚ್ಛೆಯಿಂದ ಜನ ಬಂದ ಊರು ಎಂದು ನನ್ನ ವರದಿಯಲ್ಲಿ ಸಿರುಗುಪ್ಪದ ಮೇಲೆ ಒಂದು ಇಡೀ ಪುಟವಿದೆ. ಕರಡಿನ ಪರ ಮಾತಾಡುವವರು ದೆಹಲಿಯಲ್ಲಿ ಅದನ್ನೇ ಓದಿ ತೋರಿಸುತ್ತಿದ್ದಾರೆ. ಅದನ್ನು ಬೀಳಿಸಬಲ್ಲ ಮಾತು ನಿನ್ನ ಹತ್ತಿರ ಒಂದೇ ಇದೆ. ಅದನ್ನು ಹೇಳಿದರೆ ಸುಂಕಮ್ಮನ ಒಪ್ಪಿಗೆಯೂ ಬೀಳುತ್ತದೆ, ಬೀಗ ತೆಗೆಯಲೇಬೇಕಾಗುತ್ತದೆ. ಆದರೆ ನೀನು ಹೇಳುವುದಿಲ್ಲ. ಹೇಳಿದ ದಿನದಿಂದ ಸಿರುಗುಪ್ಪದಲ್ಲಿ ನಿನಗೆ ಯಾರೂ ಒಂದು ಲೋಟ ನೀರು ಕೊಡುವುದಿಲ್ಲ. ಆ ಹೆಂಗಸರ ‘ಅಕ್ಕಾರ’ ಎನ್ನುವ ಕರೆ ಬಿಟ್ಟರೆ ನಿನ್ನ ಬದುಕಿನಲ್ಲಿ ಇನ್ನೇನಿದೆ?

ಇಷ್ಟು ಬಲ್ಲೆ ನಾನು ನಿನ್ನನ್ನು.

ಮರಿಬಸಪ್ಪ


ಬಳ್ಳಾರಿ
೧೦ ಜುಲೈ ೧೯೮೯

ಡಾ. ಮರಿಬಸಪ್ಪನವರಿಗೆ,

ಆರು ವಾರ ನಿಮಗೆ ಬರೆಯಲಿಲ್ಲ. ಮೊದಲ ಹದಿನೈದು ದಿನ ಸಿಟ್ಟಿನಲ್ಲಿ ಕಳೆದೆ. ಮುಂದಿನ ಹದಿನೈದು ದಿನ, ನಾನು ಹೇಳಿದ್ದು ಅಷ್ಟೇನೂ ದೊಡ್ಡ ಸುಳ್ಳಲ್ಲ ಎಂದು ಸಾಧಿಸುವುದರಲ್ಲಿ ಕಳೆದೆ. ಪಾಠ ಮಾಡುವಾಗ, ಅನ್ನಕ್ಕೆ ನೀರಿಡುವಾಗ ಸಾಧಿಸಿದೆ. ರಕ್ತಹೀನತೆಯೂ ಅವರಿಗೆ ಇತ್ತು, ಟಾನಿಕ್ಕೂ ಕೊಟ್ಟರು ಎಂದು. ಒಂದು ದಿನ ತರಗತಿಯಲ್ಲಿ ಯಾವುದೋ ಪದ್ಯದ ಅರ್ಥ ಹೇಳುತ್ತ ನನ್ನ ದನಿ ನನಗೇ ಕೇಳಿಸಿತು. ಓಣಿಯಲ್ಲಿ ಟಾನಿಕ್ ಎಂದದ್ದೂ ಅದೇ ದನಿ, ಅದೇ ಅಕ್ಕರೆ. ಮುಂದೆ ಓದಲಾಗಲಿಲ್ಲ.

ಪ್ರಮಾಣಪತ್ರದ ಪ್ರತಿ ಲಗತ್ತಿಸಿದ್ದೇನೆ. ಸುಳ್ಳು ಹೇಳಿದವಳು ಅಕ್ಕನಾಗಮ್ಮ, ವಯಸ್ಸು ನಲವತ್ತೆಂಟು, ಕನ್ನಡ ಉಪನ್ಯಾಸಕಿ ಎಂದು ಮೊದಲ ಸಾಲಿನಲ್ಲೇ ಇದೆ. ಹೆಬ್ಬೆಟ್ಟುಗಳು ನಿವೇಶನಕ್ಕೆಂದು ಪಡೆದವು ಎಂದು ಎರಡನೆಯದರಲ್ಲಿದೆ. ಮೂಲ ಪ್ರತಿ ಜಂಬಣ್ಣನ ಕೈಯಲ್ಲಿ ದೆಹಲಿಗೆ ಹೋಗಿದೆ. ಅಲ್ಲಿಯ ಗೆಳೆಯರು ಅದನ್ನು ಕರಡು ಬರೆಯುವವರ ಮುಂದೆ ಓದಿಸುತ್ತಾರೆ.

ಆದರೆ ಕಾಗದದಲ್ಲಿ ಹೇಳುವ ಮೊದಲು ಬಾಯಲ್ಲಿ ಹೇಳಬೇಕಿತ್ತು. ಅದಕ್ಕೂ ಮೊದಲಿನ ಭಾನುವಾರ ಸಿರುಗುಪ್ಪಕ್ಕೆ ಹೋದೆ. ದುರುಗಮ್ಮನ ಕಟ್ಟೆಯ ಮೇಲೆ ಇಪ್ಪತ್ತು ಮಂದಿ ಕೂಡಿದ್ದರು. ಸೈಟಿನ ಸುದ್ದಿ ತಂದಿದ್ದೇನೆ ಎಂದುಕೊಂಡು ಚಹಾ ಮಾಡಿದ್ದರು. ನಿಂತುಕೊಂಡೇ ಹೇಳಿದೆ.

ಚನ್ನವೀರಮ್ಮ ಎಂಬ ಮುದುಕಿ ಕೇಳಿದಳು. “ಹಂಗಾರ ಟಾನಿಕ್?”

“ಟಾನಿಕ್ ಖರೇನ ಐತ್ರಿ.”

“ಛಲೋ ಆತು. ನಾ ಮೊಮ್ಮಗನಿಗೆ ಕುಡಿಸೀನಿ.”

ಯಾರೋ ನಕ್ಕರು. ದುರುಗಮ್ಮ ನಗಲಿಲ್ಲ. ನನ್ನ ಕೈಯಿಂದ ಚಹಾದ ಲೋಟ ಇಸಿದುಕೊಂಡಳು, ಅರ್ಧ ಕುಡಿದಿದ್ದೆ. “ನಾವು ಡಾಕ್ಟರನ್ನ ನಂಬಿ ಬರಲಿಲ್ಲ. ಪೊಲೀಸರನ್ನ ನಂಬಿ ಬರಲಿಲ್ಲ. ನೀವು ಕರದ್ರಿ ಅಂತ ಬಂದಿವಿ” ಎಂದಳು. ಉಳಿದ ಚಹಾವನ್ನು ಮೋರಿಗೆ ಸುರಿದು ಲೋಟ ಬೋರಲು ಹಾಕಿದಳು. ಸಭೆ ಮುಗಿಯಿತು.

ನೀವು ಬಲ್ಲಿರಿ ಎಂದಿದ್ದಿರಿ. ಅರ್ಧ ಬಲ್ಲಿರಿ. ನೀರು ಕೊಡುವುದಿಲ್ಲ ಎಂದದ್ದು ನಿಜವಾಯಿತು. ಹೇಳುವುದಿಲ್ಲ ಎಂದದ್ದು ಆಗಲಿಲ್ಲ.

ಅಕ್ಕನಾಗಮ್ಮ


ಬೆಂಗಳೂರು
೪ ಸೆಪ್ಟೆಂಬರ್ ೧೯೮೯

ಅಕ್ಕಾ,

ನನ್ನನ್ನು ‘ನೀವು’ ಎಂದು ಕರೆದಿದ್ದೀ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು. ಇರಲಿ.

ದೆಹಲಿಗೆ ನನ್ನನ್ನೂ ಕರೆಸಿದ್ದರು. ಉದ್ದನೆಯ ಮೇಜು. ಒಂದು ಕಡೆ ನಾವು, ಎದುರಿಗೆ ನಿನ್ನ ಕಡೆಯವರು. ಕಾಟನ್ ಸೀರೆಯ ಒಬ್ಬ ವಕೀಲೆ ನಿನ್ನ ಪ್ರಮಾಣಪತ್ರದ ಇಂಗ್ಲಿಷ್ ಅನುವಾದವನ್ನು ಏರಿಳಿತವಿಲ್ಲದೆ ಓದಿದಳು. ಸಿರುಗುಪ್ಪದ ಪುಟವನ್ನು ಅಲ್ಲೇ ವರದಿಯಿಂದ ತೆಗೆಸಿದರು. ಆಮೇಲೆ ಚೀಟಿ ಅಂಟಿಸಿದವರು ಯಾರು ಎಂದು ಕೇಳಿದರು. ಕಚೇರಿಯಲ್ಲಿ ಆಯಿತು ಎಂದೆ. ಕಚೇರಿಯಲ್ಲಿ ಯಾರು ಎಂದರು. ಗುಮಾಸ್ತನ ಹೆಸರು ನಾಲಿಗೆಯ ಮೇಲಿತ್ತು. ನೀನು ಮೊದಲ ಸಾಲಿನಲ್ಲೇ ನಿನ್ನ ಹೆಸರು ಹಾಕಿದ್ದ ಹಾಳೆ ಎದುರಿಗೇ ಇತ್ತು. ನಾನೇ ಎಂದೆ.

ಹೊಗಳಬೇಡ. ಒಳ್ಳೆಯತನದಿಂದ ಹೇಳಿದ್ದಲ್ಲ. ನಿನ್ನೆದುರು ಸಣ್ಣವನಾಗಲು ಮನಸ್ಸಾಗಲಿಲ್ಲ, ಅಷ್ಟೇ. ಈಗ ನನ್ನನ್ನು ಔಷಧಿ ಉಗ್ರಾಣಕ್ಕೆ ಹಾಕಿದ್ದಾರೆ. ದಿನವಿಡೀ ಪೆಟ್ಟಿಗೆ ಎಣಿಸುತ್ತೇನೆ. ಇದಕ್ಕೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ.

ಗೆದ್ದೆ ಎಂದೂ ತಿಳಿಯಬೇಡ. ಮಸೂದೆ ಸಂಸತ್ತಿಗೆ ಹೋಗಿದೆ. ಬೇರೆ ಇಡುವ ಕಲಮು ಹಾಗೇ ಇದೆ. ನಿನ್ನ ಕಡೆಯವರು ಬೀದಿಗಿಳಿದಿದ್ದಾರೆ, ಏನಾಗುತ್ತದೋ ಗೊತ್ತಿಲ್ಲ.

ಸುಂಕಮ್ಮನ ಒಪ್ಪಿಗೆ ಊರ್ಜಿತವಲ್ಲ ಎಂದು ಆದೇಶವಾಗಿದೆ. ಹದಿನೈದನೇ ತಾರೀಖು ಬಿಡುತ್ತಾರೆ. ಕರೆದುಕೊಂಡು ಹೋಗು. ಜ್ವರ ಬಂದರೆ, ಬಾಯಿಹುಣ್ಣಾದರೆ, ಭೇದಿ ನಿಲ್ಲದಿದ್ದರೆ ಏನು ಮಾಡಬೇಕೆಂದು ಬೇರೆ ಹಾಳೆಯಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ ಎಂದೂ ಬರೆದಿದ್ದೇನೆ. ಓಣಿಯವರಿಗೆ ಓದಿ ಹೇಳು. ನಿನ್ನ ಮಾತು ಕೇಳಿದರೆ.

ಮರಿಬಸಪ್ಪ


ಬಳ್ಳಾರಿ
೧೭ ಸೆಪ್ಟೆಂಬರ್ ೧೯೮೯

ಮರಿಬಸಪ್ಪ,

ನಿನ್ನ ಹಾಳೆ ತಲುಪಿತು. ಹೊಗಳುವುದಿಲ್ಲ. ನಿನ್ನ ಸಿಟ್ಟನ್ನು ನೀನು ಇಟ್ಟುಕೊಂಡಿರು, ನನ್ನದನ್ನು ನಾನು ಇಟ್ಟುಕೊಂಡಿರುತ್ತೇನೆ. ಆಗಿದ್ದನ್ನು ಮಾತ್ರ ತಿಳಿಸುತ್ತೇನೆ.

ಸಾವಂತ್ರಮ್ಮ ಕೆಂಪು ಬಣ್ಣದ ತಾಟನ್ನೂ ಚೆರಿಗೆಯನ್ನೂ ಕಟ್ಟಿ ಕೊಡಲು ಬಂದಳು. “ಇವನ್ನ ಇಲ್ಲಿ ಇಟ್ಕೊಂಡು ನಾವೇನ್ ಮಾಡೂನ್ರಿ?” ಎಂದಳು. ಸುಂಕಮ್ಮ ಅವುಗಳ ಕಡೆ ನೋಡದೆ ಮುಂದೆ ನಡೆದಳು.

ಬಸ್ಸಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ರೋಗದ ಹೆಸರು, ಅದು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಔಷಧವಿಲ್ಲ ಎಂಬುದು. ಆರು ತಿಂಗಳಲ್ಲಿ ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಟಾನಿಕ್ಕಿನ ಮಾತನ್ನೂ ಹೇಳಿದೆ. ಅವಳು ಕಿಟಕಿಯ ಹೊರಗೆ ಕಾಲುವೆ ನೋಡುತ್ತ ಕೂತಿದ್ದಳು. “ಇಷ್ಟು ದಿನ ಬದುಕ್ತೀನಿ ಅಂತ ಏನಾರ ಐತೇನ್ರಿ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. “ಗೊತ್ತಿಲ್ಲ ಅಂದ್ರಲ್ಲ, ಈ ಮಾತು ನಂಬ್ತೀನಿ” ಎಂದಳು. ಮತ್ತೆ ಕಾಲುವೆಯ ಕಡೆ ತಿರುಗಿದಳು.

ಓಣಿಯ ಬಾಯಲ್ಲಿ ಇಳಿದಾಗ ಕಟ್ಟೆಗಳ ಮೇಲೆ ಜನ ಕೂತಿದ್ದರು. ಯಾರೂ ಏಳಲಿಲ್ಲ, ಯಾರೂ ಒಳಗೂ ಹೋಗಲಿಲ್ಲ. ಒಂದು ಕೂಸನ್ನು ತಾಯಿ ಹಿಂದಕ್ಕೆ ಎಳೆದುಕೊಂಡಳು. ಸುಂಕಮ್ಮ ಅದನ್ನು ನೋಡಿ ಸೆರಗು ಬಿಗಿ ಮಾಡಿಕೊಂಡಳು. ನಾನು ಹಾಳೆ ತೆಗೆದು ಓದಲು ಬಾಯಿ ತೆರೆದೆ. “ಬ್ಯಾಡ್ರಿ ಅಕ್ಕಾರ. ಆ ಹಾಳಿ ನನಗ ಕೊಡ್ರಿ. ನನ್ನ ಮಗಳು ಓದ್ತಾಳ” ಎಂದಳು. ಕೊಟ್ಟೆ.

ಅವಳ ಮನೆಯ ಹೊಸ್ತಿಲಲ್ಲಿ ದುರುಗಮ್ಮ ನಿಂತಿದ್ದಳು. ಅಡ್ಡ ನಿಂತಿದ್ದಾಳೋ, ಕಾದು ನಿಂತಿದ್ದಾಳೋ ತಿಳಿಯಲಿಲ್ಲ. ಸುಂಕಮ್ಮ ಅವಳಿಂದ ಎರಡು ಮಾರು ದೂರದಲ್ಲೇ ನಿಂತುಬಿಟ್ಟಳು. ದುರುಗಮ್ಮ ಇಳಿದು ಬಂದು, ಅವಳ ರಟ್ಟೆ ಹಿಡಿದು ಒಳಗೆ ನೂಕಿದಳು. ಆಮೇಲೆ ಬಾಗಿಲಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ತಿರುಗಿದಳು.

“ಆಕಿನ್ನ ನಾವು ನೋಡ್ಕೋತೀವಿ” ಎಂದಳು. “ನೀವು ಅಲ್ಲೇ ನಿಲ್ರಿ. ನಿಮ್ಮದು ಮುಟ್ಟಿದ್ರ ಬರ್ತೈತಿ.”

ಅಕ್ಕನಾಗಮ್ಮ